ಒಡಹುಟ್ಟಿದವಳು ಎಂಬ ಮಾತು

ಊರವರ ಬಾಯಲ್ಲಿ ಕುರ್ಚಿಯಕ್ಕ; ವಯಸ್ಸು ಐವತ್ತೆಂಟು; ಗಂಡ ತೀರಿಹೋಗಿದ್ದ, ಮದುವೆಯಾಗದ ಮಗಳೊಬ್ಬಳಿದ್ದಳು. ಕಚೇರಿಗಳ ಹಳೆಯ ಕುರ್ಚಿಗಳಿಗೆ ಬೆತ್ತದ ಆಸನ ಹೆಣೆಯುವುದು ಅವಳ ಕಸುಬು, ಅವಳ ಕೇರಿಯ ಹೆಂಗಸರೆಲ್ಲರ ಕಸುಬು. ಊರಿನ ಭಾಷೆ ಬೇರೆ, ಆ ಪುಟ್ಟ ಸಮುದಾಯದ ಮನೆಮಾತು ಬೇರೆ. ಎರಡನ್ನೂ ತಡವರಿಸದೆ ಆಡಬಲ್ಲವಳು ಅವಳೊಬ್ಬಳೇ ಆದ್ದರಿಂದ ಮುಂದಾಳುತನ ತಾನಾಗಿ ಹೆಗಲೇರಿತ್ತು.

ಬೆತ್ತ, ಕೆಲಸ, ಕೂಲಿ ಮೂರೂ ಗುತ್ತಿಗೆದಾರನ ಮುಷ್ಟಿಯಲ್ಲಿದ್ದವು. ಇಂಥ ಸಮುದಾಯಗಳ ಹೆಂಗಸರು ಗುಂಪು ಕಟ್ಟಿದರೆ ಸ್ವಂತ ಕೆಲಸದ ಕೊಠಡಿಗೂ ಬೆತ್ತಕ್ಕೂ ಸರ್ಕಾರದ ಧನಸಹಾಯವಿದೆ ಎಂಬ ಸುದ್ದಿ ಬಂತು. ಒಂದು ಕುಟುಂಬದಿಂದ ಒಬ್ಬಳೇ ಇರಬೇಕೆಂಬುದು ಷರತ್ತು. ಕುರ್ಚಿಯಕ್ಕ ಕೇರಿಯ ಹೆಂಗಸರ ಗುಂಪು ಕಟ್ಟಿ ಅರ್ಜಿ ಹಾಕಿದಳು. ಗುಂಪಿನವರೆಲ್ಲ ಬೇರೆ ಬೇರೆ ಮನೆಯವರು, ಆತಂಕಕ್ಕೆ ಕಾರಣವಿರಲಿಲ್ಲ.

"ಊರಿಗೆಲ್ಲ ಆಸನ ಹೆಣೆದಾಯ್ತು. ಇನ್ನು ನಮಗೂ ಒಂದು ಸೂರಾಗ್ಲಿ," ಎಂದಳು ಮಗಳಿಗೆ.

"ಸೂರಾದ್ರೂ ನೀನು ಕೂರೋದು ನೆಲದ ಮೇಲೇನೇ ಅಮ್ಮ."

ತಪಾಸಣೆಗೆ ಬಂದ ಅಧಿಕಾರಿ ಕುರ್ಚಿಯಕ್ಕನ ಪಕ್ಕದಲ್ಲಿ ಕೂತವಳನ್ನು ತೋರಿಸಿದ. "ಇವರು ನಿಮಗೇನಾಗ್ಬೇಕಮ್ಮ?"

"ಒಡಹುಟ್ಟಿದವಳು ಸ್ವಾಮಿ."

"ಆ ಕಡೆಯವರು?"

"ಅವಳೂ ಒಡಹುಟ್ಟಿದವಳೇ. ಇವರಲ್ಲಿ ಒಬ್ಬಳನ್ನೂ ಬಿಡೋ ಹಾಗಿಲ್ಲ."

"ನಿಮ್ಮ ತಾಯಿಗೆ ಕೈಮುಗೀಬೇಕು ಬಿಡಿ," ಎಂದು ಅವನು ನಕ್ಕ.

ಒಬ್ಬಳು ಮೇಲಿನಿಂದ ತೂರಿಸಿದ ಎಳೆಯನ್ನು ಇನ್ನೊಬ್ಬಳು ಕೆಳಗಿನಿಂದ ಎಳೆದು ಬಿಗಿಯುತ್ತಾಳೆ. ಒಂದೇ ಕುರ್ಚಿಗೆ ಹೀಗೆ ಜೊತೆಯಾದವರಿಗೂ ಒಂದೇ ತಾಯಿಯ ಮಕ್ಕಳಿಗೂ ಆ ಮನೆಮಾತಿನಲ್ಲಿರುವುದು ಒಂದೇ ಪದ. ಅವಳು ಸುಳ್ಳಾಡಿರಲಿಲ್ಲ, ಆ ಪದವನ್ನು ಊರಿನ ಭಾಷೆಗೆ ತಂದಿದ್ದಳು, ಅಷ್ಟೇ.

ಎಲ್ಲರೂ ಒಂದೇ ಕುಟುಂಬವೆಂದು ಅರ್ಜಿ ತಿರಸ್ಕೃತವಾಯಿತು. ಅವಳು ಕಚೇರಿಗೆ ಹೋಗಿ, ಅದು ತಮ್ಮ ಕಸುಬಿನ ಮಾತೆಂದು ಬಿಡಿಸಿ ಹೇಳಿದಳು.

"ಅವತ್ತು ನಿಮ್ಮ ಬಾಯಲ್ಲೇ ಕೇಳಿದ್ದಮ್ಮ. ದುಡ್ಡು ಸಿಗಲ್ಲ ಅಂದ ತಕ್ಷಣ ಒಡಹುಟ್ಟಿದವರೂ ಬೇಡವಾದ್ರಾ?" ಎಂದ ಅಧಿಕಾರಿ. ಹಣ ಆಗಲೇ ಬೇರೊಂದು ಗುಂಪಿನ ಪಾಲಾಗಿತ್ತು.

ಕೇರಿಯಲ್ಲಿ ಅವಳ ಪಕ್ಕದಲ್ಲಿ ಕೂತಿದ್ದವಳೇ ಮೊದಲು ಬಾಯಿಬಿಟ್ಟಳು. "ಎರಡು ಭಾಷೆ ಬರುತ್ತೆ ಅಂತ ಮೆರೆದೆಯಲ್ಲಕ್ಕ. ಮೂಗಿಯನ್ನ ಕರ್ಕೊಂಡು ಹೋಗಿದ್ರೂ ಕೆಲಸ ಆಗ್ತಿತ್ತು."

ಆಮೇಲೆ ಅವಳ ಕುರ್ಚಿಯ ಆಚೆ ಬದಿಗೆ ಯಾರೂ ಕೂರಲಿಲ್ಲ. ಒಂಟಿಯಾಗಿ ಹೆಣೆದ ಆಸನ ಬಿಗಿಯಾಗಲಿಲ್ಲವೆಂದು ಗುತ್ತಿಗೆದಾರ ಕೂಲಿ ಇಳಿಸಿದ. ಮರುವರ್ಷ ಕೆಮ್ಮು ಹಿಡಿದು ಹಾಸಿಗೆ ಸೇರಿದವಳು ಮತ್ತೆ ಏಳಲಿಲ್ಲ.

ಅವಳು ಬಿಟ್ಟುಹೋದದ್ದು: ಮರದ ಹಿಡಿಯ ದಬ್ಬಣ, ದಾರ ಕಟ್ಟಿದ ಕನ್ನಡಕ, ಎರಡು ಸೀರೆ, ಬಕೆಟ್ಟಿನಲ್ಲಿ ನೆನೆಹಾಕಿದ್ದ ಒಂದು ಕಟ್ಟು ಬೆತ್ತ. ಬೆತ್ತ ತನ್ನದೆಂದು ಗುತ್ತಿಗೆದಾರ ಅದನ್ನು ಒಯ್ದ. ಇನ್ನು ಮಗಳು, ಅವಳೂ ಈಗ ಅವನ ಗೋದಾಮಿನಲ್ಲೇ ಕೂಲಿಗಿದ್ದಾಳೆ.