ತಂಗಿಯ ವಯಸ್ಸು

ಅಮೆರಿಕದ ವಾಟ್ಸನ್‌ವಿಲ್ ಬಯಲಿನಲ್ಲಿ ಮುಪ್ಪನ್ನು ಗೆದ್ದವಳು ಯಾರಾದರೂ ಇದ್ದರೆ ಅವಳು ಎರ್ಮಿಲಾ. ಮರುಭೂಮಿಗೆ ಇಳಿಯುವಾಗ ಅವಳಿಗೆ ನಲವತ್ತು, ಗಡಿ ದಾಟಿ ಆಚೆ ಹತ್ತುವಾಗ ಇಪ್ಪತ್ತೆಂಟು. ದೇವತೆಗಳು ಅಷ್ಟು ದೊಡ್ಡ ಕಡಲನ್ನು ಕಡೆದರೂ ಒಂದೇ ವಾರದಲ್ಲಿ ಹನ್ನೆರಡು ವರ್ಷ ಉಳಿಸಿದ್ದು ನಾನಂತೂ ಕೇಳಿಲ್ಲ. "ನನ್ನ ತಲೆ ಬೆಳ್ಳಗಾಗೋ ಹೊತ್ತಿಗೆ ನಿಮ್ಮ ಮೊಮ್ಮಕ್ಕಳ ಹಲ್ಲು ಉದುರಿರುತ್ತೆ, ನೋಡ್ತಾ ಇರಿ" ಎಂದು ಅವಳು ಸ್ಟ್ರಾಬೆರಿ ಸಾಲುಗಳ ನಡುವೆ ನಿಂತು ಜಂಬ ಕೊಚ್ಚುತ್ತಿದ್ದಳು.

ಇದರಲ್ಲಿ ಗುಟ್ಟೇನೂ ಇರಲಿಲ್ಲ. ತಂಗಿ ಅಂಪಾರೊ ಮೊದಲೇ ಬಂದು ಕಾಗದಪತ್ರ ಮಾಡಿಸಿಕೊಂಡಿದ್ದಳು. ಆಮೇಲೆ ಎದೆಬೇನೆ ಹತ್ತಿ ಮೆಕ್ಸಿಕೊದ ಮಿಚೊಕಾನ್‌ನಲ್ಲಿದ್ದ ತಮ್ಮ ಊರಿಗೆ ಮರಳಿ ಅಲ್ಲೇ ತೀರಿಕೊಂಡಳು. ಆ ಸುದ್ದಿಯನ್ನು ಅಮೆರಿಕದ ಸರ್ಕಾರಕ್ಕೆ ಯಾರೂ ಮುಟ್ಟಿಸಲಿಲ್ಲ. ತಂಗಿ ಮಣ್ಣಿಗೆ ಹೋದಳು, ಅವಳ ಕಾರ್ಡು ಅಕ್ಕನ ರವಿಕೆಯೊಳಗೆ ಹೋಯಿತು. ಆ ಹೊಲದಲ್ಲಿ ಸ್ವಂತ ಹೆಸರಿಗೆ ಓಗೊಡುತ್ತಿದ್ದದ್ದು ಕಾವಲು ನಾಯಿ ಒಂದೇ.

ಮೇಸ್ತ್ರಿ ಫೆರ್ಮಿನ್ ಅವಳ ಊರಿನವನೇ. ಮನೆಯಲ್ಲಿ ಅವಳನ್ನು ಅಕ್ಕ ಎನ್ನುತ್ತಿದ್ದ, ಹೊಲದಲ್ಲಿ ಅಂಪಾರೊ ಎನ್ನುತ್ತಿದ್ದ. ಮೊದಮೊದಲು ಅವನೆಷ್ಟು ಕೂಗಿದರೂ ಅವಳು ತಿರುಗುತ್ತಿರಲಿಲ್ಲ. "ಕಿವುಡಿ ಅಂತ ಆಫೀಸಿಗೆ ಹೇಳ್ಲಾ?" ಎಂದು ಬೈಯುತ್ತಿದ್ದ. ಬರಬರುತ್ತಾ ಎಂಥ ರೂಢಿಯಾಯಿತೆಂದರೆ, ಸಂತೆಯಲ್ಲಿ ಯಾರಾದರೂ ಎರ್ಮಿಲಾ ಎಂದು ಕರೆದರೆ ಇವಳೂ ಜೊತೆಗೆ ಅತ್ತಿತ್ತ ನೋಡಿ ಆ ಎರ್ಮಿಲಾಳನ್ನು ಹುಡುಕುತ್ತಿದ್ದಳು.

ತಂಗಿಯ ಹುಟ್ಟುಹಬ್ಬ ಬಂದರೆ ಕೆಲಸದವರೆಲ್ಲ ಸೇರಿ, ತಮ್ಮ ಪದ್ಧತಿಯಂತೆ ಅವಳ ಮುಖವನ್ನು ಕೇಕಿನೊಳಗೆ ಅದ್ದುತ್ತಿದ್ದರು. ಮುಖದ ತುಂಬ ಕೆನೆ ಮೆತ್ತಿರುತ್ತಿದ್ದುದರಿಂದ ಕಣ್ಣೀರು ಯಾರಿಗೂ ಕಾಣುತ್ತಿರಲಿಲ್ಲ. ಸತ್ತವರ ಹಬ್ಬದಲ್ಲಿ ಪಾದ್ರಿ ಎಲ್ಲರ ಮನೆಯ ಸತ್ತವರ ಹೆಸರು ಓದುವಾಗ ಅವಳು ಬಾಯಿ ಮುಚ್ಚಿ ಕೂರುತ್ತಿದ್ದಳು. ದಿನಾ ಕೆಲಸಕ್ಕೆ ಬರುವವಳ ಆತ್ಮಶಾಂತಿಗೆ ಮೇಣದ ಬತ್ತಿ ಹಚ್ಚುವುದಾದರೂ ಹೇಗೆ?

ಹೀಗೇ ಕಾಲ ಸರಿಯಿತು. ಗಡಿ ದಾಟಿ ಬರುವ ಹೊಸಬರು ಕಡಿಮೆಯಾದರು. ಇಲ್ಲಿ ಹುಟ್ಟಿದ ಮಕ್ಕಳು ಅಂಗಡಿ, ಆಸ್ಪತ್ರೆ ಎಂದು ಹೋದರು, ಹೊಲದ ಕಡೆ ಮುಖ ಮಾಡಲಿಲ್ಲ. ಹಣ್ಣು ಬಿಡಿಸುವವರಲ್ಲಿ ಮುಕ್ಕಾಲು ಪಾಲು ಒಟ್ಟಿಗೇ ಮುದುಕರಾದರು. ಆಗ ಹೊಲದ ಕಂಪನಿಯ ಆಫೀಸಿನವರು ಒಂದೊಂದು ಹಂಗಾಮಿಗೆಂದು ಮೆಕ್ಸಿಕೊದಿಂದ ಬಸ್ಸುಗಟ್ಟಲೆ ಪಡ್ಡೆ ಹುಡುಗರನ್ನು ತರಿಸತೊಡಗಿದರು. ಅವರು ಸಾಲಿಗೆ ಇಳಿದರೆ ಹಣ್ಣುಗಳು ಹೆದರಿ ತಾವಾಗಿಯೇ ಪೆಟ್ಟಿಗೆಗೆ ಹಾರುತ್ತಿದ್ದವು. ಎರ್ಮಿಲಾಳ ಬೆನ್ನೋ, ಬಾಗಿದ್ದು ಮತ್ತೆ ನೆಟ್ಟಗಾಗಲಿಲ್ಲ. ಎದುರಿಗೆ ಬಂದವರನ್ನು ಅವಳು ಬೂಟು ನೋಡಿಯೇ ಗುರುತಿಸುತ್ತಿದ್ದಳು.

ಆ ವಸಂತದಲ್ಲಿ ಆಫೀಸಿನಿಂದ ಎರಡು ಮಾತು ಬಂತು. ಸಾಲಿನಲ್ಲಿ ಹಿಂದೆ ಬಿದ್ದವರಿಗೆ ಕೆಲಸವಿಲ್ಲ. ಎಲ್ಲರಿಗಿಂತ ಹಿರಿಯ ಹೆಂಗಸೊಬ್ಬಳಿಗೆ ಕೊಡೆಯ ಕೆಳಗೆ ಕುರ್ಚಿ. ಅವಳು ಕೂತಲ್ಲೇ ಪೆಟ್ಟಿಗೆಗಳನ್ನು ನೋಡಿ ಕಳಿಸಿದರೆ ಸಾಕು. ಹೊಲಕ್ಕೆ ಹೊಲವೇ ಎರ್ಮಿಲಾಳ ಕಡೆ ನೋಡಿತು. ಆ ಕುರ್ಚಿ ಸಿಕ್ಕರೆ ಇನ್ನಷ್ಟು ವರ್ಷ ಅನ್ನ, ಸಿಗದಿದ್ದರೆ ಈ ವಾರವೇ ಕೊನೆ ಎಂದು ಅವಳಿಗೂ ಗೊತ್ತಿತ್ತು.

ಫೆರ್ಮಿನ್ ಓದಿದ ಹೆಸರು ಬೇರೆ. ಪಕ್ಕದ ಸಾಲಿನ ನಿಕೊಲಾಸಾಳದು. ಅವಳಿಗೆ ನಲವತ್ತೂ ತುಂಬಿರಲಿಲ್ಲ. ಆದರೆ ಅವಳು ದುಡಿಯುತ್ತಿದ್ದದ್ದು ಅತ್ತೆಯ ಕಾಗದದ ಮೇಲೆ. ಕಾಗದದ ಪ್ರಕಾರ ಅವಳು ಅರವತ್ತಾರರ ಮುದುಕಿ.

"ಅಜ್ಜೀ, ಕೋಲು ತರ್ಲಾ?" ಎಂದು ಯಾರೋ ಕಿಚಾಯಿಸಿದರು.

ನಿಕೊಲಾಸಾ ಅಳುವಂತಾದಳು. "ಅಕ್ಕಾ, ನೀನು ಕೂತ್ಕೊ. ನಾನು ಸಾಲಿಗೆ ಹೋಗ್ತೀನಿ."

"ಹಾಗೆಲ್ಲ ಅದಲುಬದಲು ಮಾಡೋ ಹಾಗಿಲ್ಲ," ಎಂದ ಫೆರ್ಮಿನ್, ನೆಲ ನೋಡುತ್ತಾ. "ಆಫೀಸಿನೋರು ಕಾರ್ಡು ನೋಡಿ ಹೆಸರು ಕಳಿಸಿದ್ದಾರೆ. ಅಂಪಾರೊಗೆ ಐವತ್ತೆರಡೇ."

ಎರ್ಮಿಲಾ ನಕ್ಕಳು. "ಕೂತ್ಕೊಳೇ ಅಜ್ಜಿ. ಹಿರಿಯರನ್ನ ಎಬ್ಬಿಸಿದ ಪಾಪ ನನಗ್ಯಾಕೆ?" ಎಂದು ತನ್ನ ಒಂಟಿಗಾಲಿ ಗಾಡಿ ತಳ್ಳಿಕೊಂಡು ಹೊರಟಳು.

ಹೊಲದಲ್ಲಿ ಒಂದು ವಾಡಿಕೆಯಿತ್ತು. ತಮ್ಮ ಸಾಲು ಮುಗಿಸಿದವರು ಹಿಂದುಳಿದವರ ಸಾಲನ್ನು ಆ ತುದಿಯಿಂದ ಬಿಡಿಸುತ್ತಾ ಬಂದು ನಡುವೆ ಕೂಡಿಕೊಳ್ಳಬೇಕು. ಇಷ್ಟು ವರ್ಷ ಎರ್ಮಿಲಾಳ ಎದುರಿಗೆ ಹಾಗೆ ಬರುತ್ತಿದ್ದವಳು ನಿಕೊಲಾಸಾ. ಈಗ ಅವಳು ಕುರ್ಚಿಗೆ ಕಟ್ಟುಬಿದ್ದಿದ್ದಳು. ಬಸ್ಸಿನ ಹುಡುಗರಿಗೆ ಈ ವಾಡಿಕೆ ಗೊತ್ತಿರಲಿಲ್ಲ. ಒಂದು ಸಾಲು ಮುಗಿದರೆ ಇನ್ನೊಂದಕ್ಕೆ ಹಾರುತ್ತಿದ್ದರು. ಎರ್ಮಿಲಾ ತಲೆ ಎತ್ತಿ ನೋಡಿದಾಗಲೆಲ್ಲ ಎದುರಿಗೆ ಯಾರ ಬೂಟೂ ಇರಲಿಲ್ಲ. ಊಟದ ಹೊತ್ತಿಗೆ ಅವಳು ಸಾಲಿನ ಅರ್ಧದಲ್ಲೇ ಮಂಡಿಯೂರಿದ್ದಳು.

ಫೆರ್ಮಿನ್ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. "ಏಳಕ್ಕಾ. ಆಫೀಸಿನೋನು ಅಲ್ಲೇ ನಿಂತಿದ್ದಾನೆ, ನೋಡ್ತಿದ್ದಾನೆ."

"ಕಾಲು ಏಳ್ತಿಲ್ಲ ಕಣೋ."

"ಹೇಗಾದ್ರೂ ಏಳು. ಕಾಗದದ ಮಾತು ಮಾತ್ರ ಬಾಯಿಗೆ ತರಬೇಡ. ತಂದ್ರೆ ಆಮೇಲೆ ನನ್ನ ಕೈಲೂ ಏನೂ ಆಗಲ್ಲ."

ಅವನು ಎದ್ದು ನಿಂತು, ಹೊಲದಂಚಿನ ಮನುಷ್ಯನಿಗೆ ಕೇಳಿಸುವಂತೆ ದನಿ ಏರಿಸಿದ. "ಏನಿದು ಅಂಪಾರೊ? ಐವತ್ತೆರಡಕ್ಕೇ ಹೀಗೆ ಮಣ್ಣಿಗೆ ಬಿದ್ರೆ ಹೇಗೆ?"

ಎರ್ಮಿಲಾ ಗಾಡಿಯ ಹಿಡಿ ಬಿಟ್ಟಳು. ಮುಖಕ್ಕೆ ಕಟ್ಟಿದ ಬಟ್ಟೆಯನ್ನು ಕೆಳಗೆಳೆದಳು. ಅವಳೂ ಹೊಲದಂಚಿಗೆ ಕೇಳಿಸುವಷ್ಟು ಗಟ್ಟಿಯಾಗಿಯೇ ಅಂದಳು:

"ಅಂಪಾರೊ ಮಣ್ಣು ಸೇರಿ ಎಷ್ಟೋ ಕಾಲ ಆಯ್ತು, ಫೆರ್ಮಿನ್. ಬೆನ್ನು ಮುರಿದಿರೋದು ಎರ್ಮಿಲಾದು."