ಒತ್ತು ಬಿಟ್ಟು ಬರೆದ ಪಟ್ಟಿ

ಮಂಡಿ ಅಮ್ಮನ ಬಲಗೈಯ ಹೆಬ್ಬೆರಳೂ ಪಕ್ಕದ ಎರಡು ಬೆರಳೂ ಎರಡನೆಯ ಗೆಣ್ಣಿನವರೆಗೆ ಕಂದುಗಪ್ಪಾಗಿದ್ದವು. ಮೂವತ್ತು ವರ್ಷ ಹುಣಸೆಹಣ್ಣು ಬಿಡಿಸಿ ಹತ್ತಿದ ಬಣ್ಣ. ಸೀಗೆಪುಡಿಗೂ ಬಗ್ಗಲಿಲ್ಲ, ಬೂದಿಗೂ ಬಗ್ಗಲಿಲ್ಲ, ಕೊನೆಗೆ ನಾನು ಡಿಸ್ಪೆನ್ಸರಿಯಿಂದ ತಂದುಕೊಟ್ಟ ಕಾರ್ಬಾಲಿಕ್ ಸೋಪಿಗೂ ಬಗ್ಗಲಿಲ್ಲ. ಬೆಳಿಗ್ಗೆ ಅದೇ ಕೈಯಲ್ಲಿ ಹಣೆಗೆ ಮೂರು ಗೆರೆ ವಿಭೂತಿ ಎಳೆದುಕೊಂಡು ಮಂಡಿಯ ಬಾಗಿಲು ತೆಗೆಯುತ್ತಿದ್ದರು. ಆ ಸೋಪನ್ನು ಮೂರನೆಯ ದಿನ ನನಗೇ ವಾಪಸು ಕೊಟ್ಟರು. "ತಗಳಪ್ಪಾ, ಇದ್ರ ವಾಸ್ನೆಗೆ ನನ್ನೆಮ್ಮೆ ಹಾಲೇ ಕೊಡಲ್ಲ ಅಂತೈತೆ."

ಮಧುಗಿರಿ ಪೇಟೆಯ ತುದಿಯಲ್ಲಿ ಅವರದೊಂದು ಸಣ್ಣ ಹುಣಸೆಹಣ್ಣಿನ ಮಂಡಿ. ಶಿರಾ, ತಾವರೆಕೆರೆ ಕಡೆಯಿಂದ ಗಾಡಿಯಲ್ಲಿ ಕಾಯಿ ಬರುತ್ತಿತ್ತು. ಹನ್ನೆರಡು ಹೆಂಗಸರು ಅಂಗಳದಲ್ಲಿ ಕೂತು ಕುಟ್ಟಿ, ನಾರು ಬೀಜ ತೆಗೆದು ಕೊಡುತ್ತಿದ್ದರು. ಯಜಮಾನರು ತೀರಿಕೊಂಡ ಮೇಲೆ ಅವರೇ ಮಂಡಿ ನಡೆಸಿದರು. ಊರಿಗೆಲ್ಲ ಮಂಡಿ ಅಮ್ಮ. ನಾನು ಆಗಿನ್ನೂ ಮದುವೆಯಾಗದ, ಊರಿಗೆ ಹೊಸಬನಾದ ಕಾಂಪೌಂಡರು. ನನ್ನ ಅಡಿಗೆ ನನಗೇ ಸೇರುತ್ತಿರಲಿಲ್ಲ. ಅದು ಹೇಗೋ ಅವರಿಗೆ ತಿಳಿದು, ವಾರಕ್ಕೆರಡು ಸಲವಾದರೂ ಮಂಡಿಯಿಂದ ಹುಳಿಸಾರಿನ ಚೊಂಬು ಬರುತ್ತಿತ್ತು. ಚೊಂಬು ಖಾಲಿಯಾಗಿ ಹಿಂದಿರುಗದಿದ್ದರೆ ಬೈಗುಳವೂ ಬರುತ್ತಿತ್ತು.

ಮಹಾರಾಜರ ಕಾಲದ ಆ ಡಿಸ್ಪೆನ್ಸರಿಯಲ್ಲಿ ಮೊದಲು ಎಲ್ಲರಿಗೂ ಧರ್ಮದ ಔಷಧಿ. ಆಮೇಲೆ ಹೊಸ ಕಾನೂನು ಬಂತು. ಮಂಡಿ, ಗಾಣ, ಮಗ್ಗ ಇಟ್ಟುಕೊಂಡವರು ತಮ್ಮ ಆಳುಗಳ ಪಟ್ಟಿ ಕೊಟ್ಟು, ತಲೆಗಿಷ್ಟು ಅಂತ ವರ್ಷಕ್ಕೊಮ್ಮೆ ಹಣ ಕಟ್ಟಬೇಕು. ಹಾಗೆ ಕಟ್ಟಿದವರ ಆಳುಗಳಿಗೆ ಮೊದಲ ಸಾಲು. ಬೇಕಾದರೆ ಒಳಗೆ ಮಂಚವೂ ಉಂಟು. ಯಾರ ಪರವಾಗಿ ಯಾರೂ ಕಟ್ಟಲಿಲ್ಲವೋ ಅವರದು ಬಡವರ ಪಟ್ಟಿ. ಅವರಿಗೆ ಔಷಧಿ ಪುಕ್ಕಟೆ, ಆದರೆ ಸರದಿ ಕೊನೆಗೆ.

ದೊಡ್ಡ ಕಡಲೆಕಾಯಿ ಮಿಲ್ಲಿನವರು ಹಣ ಕಟ್ಟಿ ಮರೆತರು. ಸಣ್ಣವರಿಗೆ ಅದು ಗಂಟಲಿಗೆ ಸಿಕ್ಕಿಕೊಂಡಿತು. ಆರು ಆಳಿದ್ದ ಗಾಣದವನ ಪಟ್ಟಿಯಲ್ಲಿ ಒಂದೇ ರಾತ್ರಿಗೆ ನಾಲ್ವರು ಮಾಯವಾದರು. ಮಗ್ಗದ ಯಜಮಾನ, "ನಮ್ಮಲ್ಲಿ ಆಳೇ ಇಲ್ಲ, ಎಲ್ಲಾ ನೆಂಟರು" ಎಂದುಬಿಟ್ಟ. ಪಟ್ಟಿ ಬರೆದುಕೊಳ್ಳುವ ಕೆಲಸ ನನ್ನದು. ಮಂಡಿ ಅಮ್ಮ ಬಂದು ಕಟ್ಟೆಯ ಮೇಲೆ ಕೂತು, ಬೆರಳು ಮಡಿಸುತ್ತಾ ಹನ್ನೆರಡು ಹೆಸರನ್ನೂ ಹೇಳಿದರು.

"ಅಮ್ಮಾ, ಎಲ್ಲರನ್ನೂ ಬರೆಸಿದರೆ ನಿಮಗೆ ಹೊರೆಯಾಗುತ್ತದೆ," ಎಂದೆ.

"ಆಗ್ಲಿ ಬುಡು. ನಮ್ಮೋರು ಅಂತ ಬರಿ."

ಅಲ್ಲಿ ನನ್ನ ಬುದ್ಧಿವಂತಿಕೆ ತಲೆಯೆತ್ತಿತು. ಅವರ ಲಾಭ ಎಷ್ಟು ತೆಳುವೆಂದು ನನಗೆ ಗೊತ್ತಿತ್ತು. ಅವರ ಸಾರು ಉಂಡವನು ನಾನು. ನಾಲ್ಕು ಹೆಸರನ್ನು ಅವರ ಪಟ್ಟಿಗೆ ಹಾಕಿ, ಎಂಟನ್ನು ಬಡವರ ಪಟ್ಟಿಗೆ ಸೇರಿಸಿದೆ. ನಾಲ್ವರ ಹಣ ಮಾತ್ರ ಕೇಳಿ, "ಸಣ್ಣ ಮಂಡಿಗಳಿಗೆ ರಿಯಾಯಿತಿ ಇದೆ ಅಮ್ಮಾ" ಎಂದು ಸುಳ್ಳು ಹೇಳಿದೆ. ಓದು ಬರದ ಅವರು ನಂಬಿದರು. "ಸರ್ಕಾರಕ್ಕೂ ಕಣ್ಣೈತೆ ಕಣಪ್ಪ," ಎಂದು ಸಂತೋಷವಾಗಿ ಎದ್ದುಹೋದರು. ಅವತ್ತು ಪುಣ್ಯ ಕಟ್ಟಿಕೊಂಡೆನೆಂದು ಬೀಗಿದ್ದೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳುವ ಹಾಗಾಗುತ್ತದೆ.

ಸುಗ್ಗಿಯಲ್ಲಿ ಮಂಡಿಯ ರಂಗಿಗೆ ಬಲಗೈ ತೋರುಬೆರಳಲ್ಲಿ ಉಗುರುಸುತ್ತು ಎದ್ದಿತು. ಹುಣಸೆ ಬಿಡಿಸುವವಳಿಗೆ ಆ ಬೆರಳೇ ಅನ್ನ. ಊದಿದ ಬೆರಳು ಹಿಡಿದುಕೊಂಡು ಬಂದವಳು, ಅಮ್ಮ ಹೇಳಿದ್ದರಲ್ಲ ಎಂದು ಮೊದಲ ಸಾಲಲ್ಲೇ ನಿಂತಳು. ಜವಾನ ಪಟ್ಟಿ ನೋಡಿ, "ನಿನ್ನೆಸ್ರು ಇಲ್ಲಿಲ್ಲ ಕಣಮ್ಮ, ಅತ್ಲಾಗೋಗು" ಎಂದು ಜಗಲಿಯ ಕೊನೆಗೆ ಕಳಿಸಿದ. ನಾನು ಒಳಗೆ ಮಿಕ್ಸ್ಚರ್ ಬೆರೆಸುತ್ತಿದ್ದೆ, ನೋಡಲಿಲ್ಲ. ಅವಳ ಸರದಿ ಬರುವ ಹೊತ್ತಿಗೆ ಡಾಕ್ಟರು ಸಿಡುಬಿನ ಚುಚ್ಚುಮದ್ದಿಗೆಂದು ದೊಡ್ಡೇರಿಗೆ ಗಾಡಿ ಹತ್ತಿದ್ದರು. ಕೀವು ಕೊಯ್ದು ತೆಗೆಯುವ ಅಧಿಕಾರ ನನಗಿರಲಿಲ್ಲ. ಬಿಸಿನೀರಿನ ಶಾಖ ಕೊಟ್ಟು ಬಟ್ಟೆ ಕಟ್ಟಿದೆ. ಡಾಕ್ಟರು ಮೂರನೆಯ ದಿನ ಬಂದು ನೋಡಿದಾಗ ಬೆರಳಿನ ತುದಿಯ ಗೆಣ್ಣನ್ನೇ ತೆಗೆಯಬೇಕಾಯಿತು.

ಮರುದಿನ ಮಂಡಿ ಅಮ್ಮ ಬಂದರು. ಡಾಕ್ಟರ ಕೋಣೆ ದಾಟಿ ನೇರ ನನ್ನ ಹತ್ತಿರ ನಿಂತರು.

"ರಂಗೀನ ಯಾವ ಸಾಲಲ್ಲಿ ನಿಲ್ಸಿದ್ರಿ?"

ಎಲ್ಲ ಹೇಳಿಬಿಟ್ಟೆ. ನಿಮಗೆ ಅನುಕೂಲವಾಗಲೆಂದು ಮಾಡಿದೆ ಎಂದೆ.

"ನಾನ್ ಕೇಳಿದ್ನೇನ್ಲಾ ನಿನ್ನ ಅನುಕೂಲವ? ನನ್ನಂಗ್ಳದಾಗೆ ದುಡಿಯೋಳು ಬಡವರ ಪಟ್ಟಿಗೆ ಹೆಂಗೋದ್ಲು? ಅವ್ಳು ನಿನ್ ಬಾಗ್ಲಾಗೆ ಭಿಕ್ಷಕ್ಕೆ ಬಂದಿದ್ಲಾ?"

ಡಾಕ್ಟರ ಕಿವಿಗೆ ಬಿದ್ದರೆ ಅಂದೇ ನನ್ನ ಕೆಲಸ ಹೋಗುತ್ತಿತ್ತು. ಊರಲ್ಲಿ ತಾಯಿ, ಇಬ್ಬರು ತಂಗಿಯರು ನನ್ನ ಸಂಬಳವನ್ನೇ ನೆಚ್ಚಿಕೊಂಡಿದ್ದರು. ಮಂಡಿ ಅಮ್ಮ ಡಾಕ್ಟರ ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ದನಿ ತಗ್ಗಿಸಿದರು.

"ನಿನ್ ಕೆಲ್ಸ ಕಳುದ್ರೆ ಅವ್ಳ ಬೆರಳು ಬರ್ತೈತಾ? ಉಳ್ದ ಎಂಟು ಜನದ ದುಡ್ಡು ತಂದಿವ್ನಿ, ಕಟ್ಕೋ. ನಾಳೆಯಿಂದ ಸಾಯಂಕಾಲ ಮಂಡಿಗೆ ಬಂದು ನಂಗೆ ಬರ್ಯೋದು ಕಲ್ಸು. ಇನ್ಮೇಲೆ ನನ್ ಪಟ್ಟಿ ನಾನೇ ಬರೀತೀನಿ."

ಐವತ್ತು ದಾಟಿದ ಹೆಂಗಸಿಗೆ ನಾನು ಮೇಷ್ಟ್ರಾದೆ. ಸ್ಲೇಟಿಲ್ಲ, ಅಂಗಳದಲ್ಲಿ ಹುಣಸೆಬೀಜ ಜೋಡಿಸಿ ಅಕ್ಷರ ಮಾಡುವುದು. ತಮ್ಮ ಹೆಸರಿಗಿಂತ ಮುಂಚೆ ಕಲಿಯಬೇಕೆಂದದ್ದು 'ನಮ್ಮವರು' ಎಂಬ ಮಾತನ್ನು. ಹನ್ನೆರಡು ಹೆಸರು ಬಂದವು, ಅಂಕಿ ಬಂದವು, ಆದರೆ ಒತ್ತಕ್ಷರ ಕಡೆಗೂ ಬರಲಿಲ್ಲ. ಪ್ರತಿ ವರ್ಷ ಅವರ ಪಟ್ಟಿಯ ನೆತ್ತಿಯಲ್ಲಿ ಕೋಳಿಮೊಟ್ಟೆ ಗಾತ್ರದ ಅಕ್ಷರದಲ್ಲಿ 'ನಮವರು' ಎಂದೇ ಇರುತ್ತಿತ್ತು. "ಮಕಾರಕ್ಕೆ ಒತ್ತು ಬೇಕು ಅಮ್ಮಾ," ಎಂದರೆ, "ನಿಂಗ್ ಅರ್ಥ ಆಯ್ತಲ್ಲ, ಮತ್ತೇನು?" ಎನ್ನುವರು.

ಹನ್ನೆರಡು ತಲೆಗೂ ಹಣ ಕಟ್ಟುವುದು ಸುಲಭವಿರಲಿಲ್ಲ. ಬಾಡಿಗೆ ಗಾಡಿ ಬಿಟ್ಟು, ಬೇರೆಯವರ ಗಾಡಿಯ ಮೂಟೆಗಳ ಮೇಲೆ ಕೂತು ಶಿರಾ ಸಂತೆಗೆ ಹೋಗುತ್ತಿದ್ದರು. ಮಂಡಿಯ ಹೆಂಚು ಎರಡು ಮಳೆಗಾಲ ಸೋರಿತು. ಹಣ್ಣಿನ ಬೆಲೆಯನ್ನೂ ಕೊಂಚ ಏರಿಸಿದರು. ಪಾವಗಡದ ಸಾಹುಕಾರ ಕೊಸರಾಡಿದ್ದು ನನ್ನೆದುರಿಗೇ. "ಏಮಮ್ಮಾ, ಹಣ್ಣಿನ್ ಜತೆ ಮಂದು ರೇಟೂ ಸೇರ್ಸಿದ್ದೀಯಾ?"

"ಹೂಂ ಕಣಪ್ಪ, ಮದ್ದಿನ ದುಡ್ಡೂ ಸೇರೈತೆ. ನನ್ ಹಣ್ಣಾಗೆ ಕೀವಿಲ್ಲ, ಧೈರ್ಯವಾಗಿ ತಿನ್ನು."

ಆತ ಆ ವರ್ಷ ಮಾಲು ಎತ್ತಲಿಲ್ಲ. ಅದರ ಮುಂದಿನ ವರ್ಷ ಬಂದ. ಆತ ಮಾಲು ಎತ್ತದ ವರ್ಷ ಅಮ್ಮನ ಮನೆಯಲ್ಲಿ ಒಂದು ಹೊತ್ತು ಅಂಬಲಿಯೇ ಊಟವಾಗಿತ್ತೆಂದು ರಂಗಿ ನನಗೆ ಹೇಳಿದ್ದು ಬಹಳ ಕಾಲದ ಮೇಲೆ. ಆ ದಿನಗಳಲ್ಲೂ ನನ್ನ ಹುಳಿಸಾರಿನ ಚೊಂಬು ತಪ್ಪಿರಲಿಲ್ಲ. ನಾನು ಹಾಯಾಗಿ ಉಂಡು, ಉಪ್ಪು ಕಡಿಮೆ ಎಂದು ಹೇಳಿ ಕಳಿಸಿದ್ದೂ ಉಂಟು.

ನನ್ನ ತಂಗಿಯರ ಮದುವೆ ಆ ಸಂಬಳದಲ್ಲೇ ಆಯಿತು. ನನ್ನದೂ ಆಯಿತು. ಇಂದಿಗೂ ನಮ್ಮ ಮನೆಯಲ್ಲಿ ಉಣ್ಣುವ ಅನ್ನ, ಅವತ್ತು ಆ ತಾಯಿ ಡಾಕ್ಟರ ಬಾಗಿಲು ತಟ್ಟದೆ ಉಳಿಸಿಕೊಟ್ಟ ಅನ್ನ.

ಯುದ್ಧ ಮುಗಿದ ವರ್ಷ, ಮಾಗಿಯ ಒಂದು ಬೆಳಿಗ್ಗೆ, ಮಂಡಿಯ ಹೆಂಗಸರು ಅಮ್ಮನನ್ನು ಗಾಡಿಯಲ್ಲಿ ಮಲಗಿಸಿ ತಂದರು. ನ್ಯುಮೋನಿಯಾ. ಆಗ ಹೊಸ ಡಾಕ್ಟರು. ಡಿಸ್ಪೆನ್ಸರಿಯ ಒಳಗಿನ ಮಂಚಗಳಿದ್ದದ್ದು ಹಣ ಕಟ್ಟಿದ ಪಟ್ಟಿಯಲ್ಲಿದ್ದವರಿಗೆ ಮಾತ್ರ. ಅಮ್ಮ ಆಳೂ ಅಲ್ಲ, ಬಡವರ ಪಟ್ಟಿಯಲ್ಲೂ ಇಲ್ಲ. ಇಷ್ಟು ವರ್ಷ ಹನ್ನೆರಡು ಹೆಸರು ಬರೆದವರು ತಮ್ಮ ಹೆಸರನ್ನು ಒಮ್ಮೆಯೂ ಬರೆದುಕೊಂಡಿರಲಿಲ್ಲ.

"ಇವರು ಯಾರ ಕಡೆಯವರು?" ಎಂದು ಡಾಕ್ಟರು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ರಂಗಿ ಮುಂದೆ ಬಂದಳು. ಮೋಟು ಬೆರಳಿನ ಕೈಯಲ್ಲಿ ಸೆರಗಿನ ಗಂಟು ಬಿಚ್ಚುತ್ತಾ, "ನಮ್ಮೋರು ಅಂತ ಬರ್ಕಳಿ ಸ್ವಾಮಿ. ದುಡ್ಡು ನಾವ್ ಕಟ್ತೀವಿ," ಎಂದಳು.

ಕಿಟಕಿಯ ಪಕ್ಕದ ಮಂಚ ಕೊಟ್ಟೆವು. ನಾಲ್ಕು ದಿನ ಇದ್ದರು; ನಾಲ್ಕು ದಿನವೂ ಸರದಿಯ ಮೇಲೆ ಇಬ್ಬಿಬ್ಬರು ಹೆಂಗಸರು ಕಾಲ ಬಳಿ ಕೂತಿದ್ದರು. ಐದನೆಯ ದಿನ ಬೆಳಿಗ್ಗೆ ತೀರಿಕೊಂಡರು. ಕೈಯ ಮೇಲೆ ಹೊದಿಕೆ ಎಳೆಯುವಾಗ ನೋಡಿದೆ, ಬೆರಳಿನ ಬಣ್ಣ ಹಾಗೇ ಇತ್ತು.

ಆ ದಿನವೇ ಡಾಕ್ಟರು ರಿಜಿಸ್ಟರು ತಿರುವುತ್ತಾ, ಅವರ ಹೆಸರಿನ ಮುಂದೆ ನಾನು ಬರೆದಿದ್ದ ಮಾತಿನ ಮೇಲೆ ಬೆರಳಿಟ್ಟರು.

"ಇದೇನ್ರೀ, 'ನಮವರು'? ಒತ್ತು ಬಿಟ್ಟಿದ್ದೀರಲ್ಲ?"

"ಅವರು ಹಾಗೇ ಬರೆಯುತ್ತಿದ್ದರು ಸ್ವಾಮಿ," ಎಂದೆ.