ಅಂಗಿ ಓದುವ ಬೊಗುಮಿಲಾ

ತೊರೂನ್ ಪಟ್ಟಣದಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಸ್ತುಸಂಗ್ರಹಾಲಯವೊಂದರ ಹಿಂಬದಿ ಕೋಣೆಯಲ್ಲಿ ಬೊಗುಮಿಲಾ ಶ್ವೆರ್ಕ್ ಮೆತ್ತನೆಯ ಕುಂಚ ಹಿಡಿದು ಹಳೆಯ ಭಾವಚಿತ್ರದ ಧೂಳು ತೆಗೆಯುತ್ತಿದ್ದಾರೆ. ಮುನ್ನೂರೈವತ್ತು ವರ್ಷಗಳ ಹಿಂದೆ ತಾಮ್ರದ ತಗಡಿನಲ್ಲಿ ಕೊರೆದು ಅಚ್ಚೊತ್ತಿದ ಚಿತ್ರವದು. ದಿನಕ್ಕೆ ಇಂಥ ನಲವತ್ತು ಹಾಳೆ ಅವರ ಕೈ ದಾಟುತ್ತವೆ.

"ಮುಖ ಕೊನೆಗೆ ನೋಡ್ತೀನಿ. ಮೊದ್ಲು ಅಂಗಿ," ಎನ್ನುತ್ತಾರೆ.

ಅರವತ್ತಮೂರರ ಬೊಗುಮಿಲಾ ಓದಿದ್ದು ಎಂಟನೇ ತರಗತಿ. ಮೂವತ್ತೊಂದು ವರ್ಷ ನಾಟಕ ಮಂದಿರದಲ್ಲಿ ರಾಜರಿಗೂ ಭಿಕ್ಷುಕರಿಗೂ ಬಟ್ಟೆ ಹೊಲಿದರು. ಹೊಲಿಗೆ ವಿಭಾಗ ಮುಚ್ಚಿದ ದಿನ ಸಿಕ್ಕಿದ್ದು ಒಂದು ಹೂಗುಚ್ಛ. ಎರಡು ಚಳಿಗಾಲ ಆಸ್ಪತ್ರೆಯ ಮೆಟ್ಟಿಲು ತೊಳೆದು, ಆಮೇಲೆ ಇಲ್ಲಿಗೆ ಬಂದರು.

ಕಳೆದ ತಿಂಗಳ ಸಂಗತಿ ಹೇಳುವಾಗ ಅವರ ಚಹಾ ಆರಿಹೋಗುತ್ತದೆ. ಪ್ರದರ್ಶನದ ಪುಸ್ತಕ ಮರುದಿನ ಅಚ್ಚಿಗೆ ಹೋಗಬೇಕಿತ್ತು. ಮುಖಪುಟಕ್ಕೆ ಆರಿಸಿದ್ದು ದಪ್ಪ ಮೀಸೆಯ, ಸೊಂಟಕ್ಕೆ ಕತ್ತಿ ಕಟ್ಟಿದ ಗಂಡಸಿನ ಚಿತ್ರ. ಕೆಳಗೆ 'ಹುಟ್ಟು ಕುಲೀನ' ಎಂಬ ಒಕ್ಕಣೆ. ಆ ಕಾಲಕ್ಕೆ ಅಂಥ ಕತ್ತಿ ಕುಲೀನರ ಗುರುತು. ವ್ಯಾಪಾರಿ ಎಷ್ಟೇ ಸಿರಿವಂತನಾದರೂ ಅದನ್ನು ಕಟ್ಟಿಕೊಂಡು ಮೆರೆಯುವಂತಿರಲಿಲ್ಲ.

"ಕತ್ತಿ ಸುಳ್ಳು, ಡಾಕ್ಟ್ರೇ," ಎಂದರು ಬೊಗುಮಿಲಾ.

ಸಂಗ್ರಹದ ಮುಖ್ಯಸ್ಥ ಡಾಕ್ಟರ್ ಲುದ್ವಿಕ್ ಸೊಬ್ಚಾಕ್ ತಲೆ ಎತ್ತಲಿಲ್ಲ. "ಬೊಗುಮಿಲಾ ಅವರೇ, ಆರು ಜನ ಪಂಡಿತರು ನೋಡಿ ಆಗಿದೆ."

"ಅವ್ರಲ್ಲಿ ಒಬ್ರಾದ್ರೂ ಗುಂಡಿ ಹೊಲ್ದಿದ್ದಾರಾ?"

ವರ್ಣಚಿತ್ರವನ್ನು ಇದ್ದಂತೆಯೇ ತಗಡಿನ ಮೇಲೆ ಕೊರೆದರೆ ಅಚ್ಚಿನಲ್ಲಿ ಎಡಬಲ ಅದಲುಬದಲಾಗುತ್ತದೆ. ಗಂಡಸರ ಅಂಗಿಯಲ್ಲಿ ಬಲಕ್ಕಿರಬೇಕಾದ ಗುಂಡಿಗಳ ಸಾಲು ಇಲ್ಲಿ ಹಾಗೆ ಎಡಕ್ಕೆ ತಿರುಗಿತ್ತು. ಕತ್ತಿ ಮಾತ್ರ ಸರಿಯಾಗಿ ಎಡಸೊಂಟದಲ್ಲೇ ಇತ್ತು. "ಅಂಗಿ ತಿರುಗಿದ್ಮೇಲೆ ಕತ್ತೀನೂ ತಿರುಗ್ಬೇಕಲ್ವಾ? ಅಂದ್ರೆ ಅದನ್ನ ಆಮೇಲೆ ಸೇರ್ಸಿದ್ದಾರೆ."

ಡಾಕ್ಟರು ಭೂತಗನ್ನಡಿ ಹಿಡಿದು ನೋಡಿದರು, ಮುದ್ರಣಾಲಯಕ್ಕೆ ಫೋನ್ ಮಾಡಿ ಕೆಲಸ ನಿಲ್ಲಿಸಿದರು. ಇಬ್ಬರೂ ಸೇರಿ, ಅದುವರೆಗೆ ಯಾರೂ ಬಿಚ್ಚದ ಹಳೆಯ ಅಚ್ಚುಗಳ ಕಟ್ಟುಗಳನ್ನು ಬಿಚ್ಚತೊಡಗಿದರು. ಒಂಬತ್ತನೇ ಕಟ್ಟಿನಲ್ಲಿ ಅದೇ ಮೀಸೆ, ಅದೇ ಅಂಗಿ, ಕತ್ತಿಯಿಲ್ಲದ ಸೊಂಟ. ಕೆಳಗೆ ಕೊರೆದಿತ್ತು: 'ದವಸದ ವ್ಯಾಪಾರಿ'. ಕುಲೀನ ಪದವಿ ಸಿಕ್ಕ ಮೇಲೆ ಹಳೆಯ ತಗಡಿಗೇ ಕತ್ತಿ ಕೊರೆಸಿ, ಒಕ್ಕಣೆಯನ್ನೂ ಬದಲಿಸಿದ್ದ ಪುಣ್ಯಾತ್ಮ.

"ಡಾಕ್ಟ್ರು ನನ್ ಕೈ ಹಿಡ್ಕೊಂಡು ಕುಣಿದ್ಬಿಟ್ರು. ಅವ್ರ ಬೂಟು ನನ್ ಕಾಲ್ಮೇಲೆ," ಎಂದು ನಗುತ್ತಾರೆ ಬೊಗುಮಿಲಾ.

ಈಗ ಎರಡೂ ಚಿತ್ರಗಳು ಅಕ್ಕಪಕ್ಕ ತೂಗುತ್ತಿವೆ. ಪುಸ್ತಕದಲ್ಲಿ ಬೊಗುಮಿಲಾ ಅವರ ಹೆಸರೂ ಅಚ್ಚಾಗಿದೆ. ಇನ್ನೇನು ಆಸೆಯಿದೆ ಎಂದು ಕೇಳಿದರೆ ಚಿತ್ರದಲ್ಲಿನ ಅಂಗಿಯ ತೋಳಿನತ್ತ ಬೆರಳು ತೋರಿಸುತ್ತಾರೆ.

"ಚಿತ್ರಕ್ಕೆ ಕೂತೋನ ಹೆಸ್ರಿದೆ, ಕೊರೆದೋನ ಹೆಸ್ರಿದೆ. ಇಷ್ಟು ಚೆಂದ ತೋಳು ಕೂರ್ಸಿದ ದರ್ಜಿ ಹೆಸ್ರು ಎಲ್ಲೂ ಇಲ್ಲ ನೋಡಿ. ಅದನ್ನ ಹುಡುಕ್ಬೇಕು."